ನಡುವಿನ ಒಂದು ಗೇಣು

ಮೆಹ್ರ್ ೮, ಶನಿವಾರ

ಹಾಜಿ ಬೆಹ್ಜಾದಿ ಬಂದು ಹೋದರು. ಮಗ್ಗದ ಮುಂದೆ ಮೊಣಕಾಲೂರಿ ಕುಳಿತು, ಕಾರ್ಪೆಟ್ಟಿನಲ್ಲಿ ನೇಯ್ದು ಮುಗಿದ ಒಂದು ಗೇಣಿನ ಮೇಲೆ ಬ್ರಷ್ ಆಡಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಐದು ಜಾಗದಲ್ಲಿ ಚಿತ್ತಾರದ ಬಳ್ಳಿ ಮುರಿದಿದೆ. ಪ್ರತಿ ತಪ್ಪೂ ಎಡಕ್ಕೊಂದು ಬಲಕ್ಕೊಂದು, ಜೋಡಿ.

"ನೋಡಿ ನುಸ್ರತ್ ಖಾನಂ, ಕೈ ತಪ್ಪಿದ್ರೆ ಒಂದೇ ಕಡೆ ತಪ್ಪತ್ತೆ. ಎರಡೂ ಕಡೆ ಒಂದೇ ಥರ ತಪ್ಪಿದ್ರೆ ಅದು ಬಾಯಿ ತಪ್ಪಿದ್ದು," ಅಂದರು.

ಬಾಯಿ ನನ್ನದು. ನಾನು ನಕ್ಷೆ ನೋಡಿ ಸಾಲು ಸಾಲಾಗಿ ಬಣ್ಣ ಕೂಗುತ್ತೇನೆ. ಬತೂಲ್ ಖಾಲಾ ಬಲ ಅಂಚಿನಿಂದ, ಗೌಹರ್ ಎಡ ಅಂಚಿನಿಂದ ಅದೇ ಓದಿಗೆ ಗಂಟು ಹಾಕುತ್ತ ನಡುವಿಗೆ ಬಂದು ಸೇರುತ್ತಾರೆ. ಇಪ್ಪತ್ತೆರಡು ವರ್ಷ ಈ ಓದು ನನ್ನ ಗಂಡ ನೇಮತುಲ್ಲಾ ಅವರದಾಗಿತ್ತು. ಎರಡು ತಿಂಗಳ ಹಿಂದೆ, ಮುರ್ದಾದ್‌ನಲ್ಲಿ, ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅವರು ಕೆರ್ಮಾನಿನ ಆಸ್ಪತ್ರೆಯಲ್ಲಿದ್ದಾಗ ಈ ಗೇಣು ನಾನು ಓದಿದ್ದು. ಹೋದ ಗುರುವಾರ ಮನೆಗೆ ಕರೆತಂದಿದ್ದೇವೆ. ಮಗ್ಗದ ಕೋಣೆಯ ಪಕ್ಕದ ಒಳಕೋಣೆಯಲ್ಲಿ ಮಲಗಿದ್ದಾರೆ.

ಮಗ್ಗ ಹಾಜಿಯದು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಇದು ಹೀಗೇ ಮುಂದುವರಿದ್ರೆ ಮಗ್ಗ ಬಿಚ್ಚಿ ಬೇರೆ ಮನೇಲಿ ಹಾಕ್ಬೇಕಾಗತ್ತೆ. ನಂಗೂ ಇಷ್ಟ ಇಲ್ಲ."

ಅವರಿಗೆ ಇಷ್ಟವಿಲ್ಲ ಎಂಬುದರಿಂದ ನನಗೇನು ಬಂತು? ಮಗ್ಗ ಹೋದರೆ ಮೂರು ಮನೆಯ ಒಲೆ ಆರುತ್ತದೆ. ಇವತ್ತಿನಿಂದ ಎಲ್ಲವನ್ನೂ ಈ ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಡುತ್ತೇನೆ. ತಪ್ಪು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು.

ಮೆಹ್ರ್ ೧೦, ಸೋಮವಾರ

ಏಳೂಕಾಲಿಗೆ ಶುರು. ಎಂಟಕ್ಕೆ ಫೋನ್ ಬಂತು. ಓಣಿಗೆಲ್ಲ ನಮ್ಮದೊಂದೇ ಫೋನು, ಕರೆ ನಮಗಲ್ಲ, ಎದುರುಮನೆಯ ಖಾವರ್‌ಗೆ, ಸೈನ್ಯದಲ್ಲಿರುವ ಮಗನಿಂದ. ಅವಳನ್ನು ಕೂಗಿ ಕರೆದು ಬಂದು ಕುಳಿತೆ. ಓದು ಸಾಗಿತು. ಐದು ನಿಮಿಷವೂ ಆಗಿಲ್ಲ, ಗೋಡೆಗೆ ದಡ್ ದಡ್ ದಡ್.

ಒಳಗೆ ಮಲಗಿದವರಿಗೆ ಕೋಲು ಕೊಟ್ಟವಳು ನಾನೇ. ಏನಾದರೂ ಬೇಕಾದರೆ ಬಡಿಯಿರಿ ಎಂದಿದ್ದೆ. ಎದ್ದು ಹೋದೆ. ನೀರು ಬೇಕಾ ಅಂದೆ, ತಲೆ ಅಲ್ಲಾಡಿಸಿದರು. ಪಾತ್ರೆ ಇಡಲಾ ಅಂದೆ, ಅದೂ ಅಲ್ಲ. ಎಡಗೈಯಿಂದ ರಜಾಯಿಯ ಕೆಂಪು ಅಂಚನ್ನು ಹಿಡಿದು ಎಳೆದು ಮೂರು ಬೆರಳು ತೋರಿಸಿದರು. ಸೆಖೆ ಎಂದುಕೊಂಡು ರಜಾಯಿ ತೆಗೆದೆ. ಕಣ್ಣು ಕೆಂಪಗೆ ಮಾಡಿಕೊಂಡು ಮಂಚಕ್ಕೆ ಗುದ್ದಿದರು. ಮತ್ತೆ ಹೊದಿಸಿದೆ. ಮತ್ತೆ ಗುದ್ದಿದರು.

ವಾಪಸ್ ಬಂದರೆ ನಕ್ಷೆಯಲ್ಲಿ ಎಲ್ಲಿದ್ದೆ ಎಂಬುದೇ ಗೊತ್ತಾಗಲಿಲ್ಲ. ಸಾಲನ್ನು ಅಂಚಿನಿಂದ ಮತ್ತೆ ಓದಿ ತಾಳೆ ನೋಡಿದರೆ, ನಡುವೆ ಹತ್ತು ಗಂಟು ಮೇಲಿನ ಸಾಲಿನದು. ಇಬ್ಬರೂ ಬಿಚ್ಚಿ ಹಾಕಬೇಕಾಯಿತು. ಅರ್ಧ ಗಂಟೆ ಹಾಳು.

ತಪ್ಪು ಎಲ್ಲಿಂದ ಬರುತ್ತಿದೆ ಎಂಬುದು ಮೂರನೇ ದಿನಕ್ಕೇ ಗೊತ್ತಾಯಿತು.

ಮೆಹ್ರ್ ೧೨, ಬುಧವಾರ

ಒಂಬತ್ತೂವರೆಗೆ ಗ್ಯಾಸ್ ಸಿಲಿಂಡರಿನವನು ಬಂದ. ಖಾಲಿ ಸಿಲಿಂಡರ್ ಕೊಟ್ಟು ಬಂದು ಕುಳಿತೆ. ಒಂಬತ್ತೂ ನಲವತ್ತಕ್ಕೆ ಗೋಡೆ.

"ಒಳಗಿನ ದೊರೆಗಳಿಗೆ ಏನ್ ಬೇಕಂತೆ?" ಎಂದಳು ಗೌಹರ್, ನೂಲು ಕತ್ತರಿಸುತ್ತ.

"ಏನೂ ಬೇಡ. ನನ್ನನ್ನ ಎಬ್ಬಿಸ್ಬೇಕು, ಅಷ್ಟೇ."

"ಹಂಗನ್ಬೇಡ," ಎಂದರು ಬತೂಲ್ ಖಾಲಾ. "ನಮ್ಮೆಜಮಾನ್ರು ಚೆನ್ನಾಗಿದ್ದಾಗ್ಲೂ ಹಿಂಗೇ ಕರೀತಿದ್ರು. ಅವರಿಗೆ ಕೋಲೂ ಬೇಕಿರ್ಲಿಲ್ಲ, ಗಂಟಲೇ ಸಾಕಿತ್ತು."

ಒಳಗೆ ಹೋದರೆ ಎರಡು ಬೆರಳು, ಆಮೇಲೆ ಒಂದು, ಆಮೇಲೆ ನಾಲ್ಕು. ಖರ್ಜೂರ ಎಂದುಕೊಂಡು ಏಳು ತಂದುಕೊಟ್ಟೆ. ತಟ್ಟೆ ನೆಲಕ್ಕೆ ಬಿತ್ತು.

ಬಂದು ಸಾಲು ಮೊದಲಿನಿಂದ ಓದಿದೆ. ಆರು ಗಂಟು ತಪ್ಪು. ಬಿಚ್ಚಿದರು.

ಮೆಹ್ರ್ ೧೬, ಭಾನುವಾರ

ಇವತ್ತಿನ ಲೆಕ್ಕ. ೭:೫೦, ಖಾವರ್ ಉಪ್ಪು ಕೇಳಲು ಬಂದಳು. ೭:೫೫, ಬಡಿತ. ೧೦:೧೦, ಗೌಹರ್‌ಗೆ ಕೆಮ್ಮು ಹತ್ತಿತು, ನೀರು ಕೊಟ್ಟೆ. ೧೦:೧೩, ಬಡಿತ. ೧೧:೩೦, ಫೋನ್. ೧೧:೩೮, ಬಡಿತ. ಮಧ್ಯಾಹ್ನ ಪಾಲಕ್ ಮಾರುವವನ ಗಾಡಿ ಬಂತು. ಎರಡು ಕಟ್ಟು ಕೊಂಡು ಒಳಗೆ ಕಾಲಿಡುವಷ್ಟರಲ್ಲೇ ಅಂದುಕೊಂಡೆ, ಈಗ ಬಡಿಯುತ್ತಾರೆ ಎಂದು. ಬಡಿದರು.

ಮಿಕ್ಕವರಿಗಾದರೂ ಕೆಲಸವಿರುತ್ತದೆ, ಬರುತ್ತಾರೆ, ಹೋಗುತ್ತಾರೆ. ಇವರಿಗೆ ಮಾತ್ರ ನಾನು ಮತ್ತೆ ಹದಕ್ಕೆ ಬಂದು ಓದುತ್ತಿದ್ದೇನೆ ಎಂದು ಕೇಳಿಸಿದ ಕೂಡಲೇ ತಡೆಯಲಾಗುವುದಿಲ್ಲ. ಇಪ್ಪತ್ತೆರಡು ವರ್ಷ ತಾನು ಕುಳಿತ ಜಾಗದಲ್ಲಿ ಹೆಂಡತಿ ಕುಳಿತಿದ್ದಾಳೆ ಎಂಬ ಹೊಟ್ಟೆಯುರಿ. ಇದೇ ನಕ್ಷೆಯನ್ನು ಅವರು ಎರಡು ಕಾರ್ಪೆಟ್‌ಗಳಿಗೆ ಪೂರ್ತಿ ಓದಿದ್ದಾರೆ. ಮೂರನೆಯದು ನನ್ನ ಬಾಯಲ್ಲಿ ಬರುವುದು ಅವರಿಗೆ ಸಹಿಸಲಾಗುತ್ತಿಲ್ಲ.

ಹನ್ನೆರಡು ಸಾಲು ಆಗಬೇಕಿತ್ತು. ಒಂಬತ್ತಾಯಿತು.

ಮೆಹ್ರ್ ೧೯, ಬುಧವಾರ

ಜಗಳವಾಯಿತು. ಮಾತು ಬಾರದವರ ಜೊತೆ ಜಗಳವೆಂದರೆ ನಾನೊಬ್ಬಳೇ ಕೂಗಿದ್ದು. ಬೆಳಿಗ್ಗೆಯಿಂದ ಐದನೇ ಸಲ ಬಡಿದಾಗ ನಕ್ಷೆಯ ಹಲಗೆಯನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದೆ.

"ಏನ್ ಬೇಕು ನಿಮ್ಗೆ? ಮಗ್ಗ ಈ ಮನೆಯಿಂದ ಹೋಗ್ಬೇಕಾ? ಹೇಳಿ, ಹಾಜಿಗೆ ಇವತ್ತೇ ಹೇಳ್ತೀನಿ, ತಗೊಂಡ್ ಹೋಗಿ ಅಂತ."

ಅವರ ಕಣ್ಣು ನನ್ನ ಮೇಲಿರಲಿಲ್ಲ, ಹಲಗೆಯ ಮೇಲಿತ್ತು. ಎಡಗೈ ಚಾಚಿ ಅದನ್ನು ಕಿತ್ತುಕೊಳ್ಳಲು ನೋಡಿದರು. ನಕ್ಷೆ ಹರಿದರೆ ಮುಗಿಯಿತು. ಎದೆಗವಚಿಕೊಂಡು ಹೊರಗೆ ಬಂದೆ.

ಸಂಜೆ ಕೂಹ್‌ಬನಾನ್‌ನಲ್ಲಿರುವ ಅವರ ಅಕ್ಕ ಮೊಲೂಕ್‌ಗೆ ಫೋನ್ ಮಾಡಿದೆ. ಅವರನ್ನು ಅಲ್ಲಿಗೆ ಕಳಿಸಲೇ ಎಂದು ಕೇಳಲು ಮಾಡಿದ್ದಲ್ಲ. ಆದರೆ ಮಾತು ಅಲ್ಲಿಗೇ ಹೋಯಿತು.

"ಕಳ್ಸು ನುಸ್ರತ್ ಜಾನ್, ನನ್ ತಮ್ಮ ನಂಗೆ ಭಾರ ಏನಲ್ಲ. ನಿನ್ ಕಾರ್ಪೆಟ್ ಮುಗೀಲಿ. ಆಮೇಲ್ ನೋಡೋಣ."

ಮೆಹ್ರ್ ೨೮, ಶುಕ್ರವಾರ

ಮೊಲೂಕ್ ಗಂಡನ ಪಿಕಪ್ಪಿನ ಹಿಂದೆ ಹಾಸಿಗೆ ಹಾಸಿ ಮಲಗಿಸಿದೆವು. ಇಬ್ಬರು ಹೊತ್ತು ತರುವಾಗ ಎಡಗೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಒಂದೊಂದೇ ಬೆರಳು ಬಿಡಿಸಿದವಳು ನಾನು. ಕೋಲು ಜೊತೆಗೆ ಕಳಿಸಲಿಲ್ಲ. ಮೊಲೂಕ್ ಮನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ.

ಮೆಹ್ರ್ ೨೯, ಶನಿವಾರ

ಹದಿಮೂರು ಸಾಲು.

ಆಬಾನ್ ೩, ಬುಧವಾರ

ಐದು ದಿನದಲ್ಲಿ ಅರವತ್ತನಾಲ್ಕು ಸಾಲು. ಒಂದು ಗಂಟೂ ಬಿಚ್ಚಿಲ್ಲ. "ಸದ್ದೇ ಇಲ್ಲ, ಮಸೀದಿ ಇದ್ದಂಗಿದೆ," ಎಂದರು ಬತೂಲ್ ಖಾಲಾ. ಅವರ ದನಿಯಲ್ಲಿ ಹೊಗಳಿಕೆ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಫೋನ್ ಇವತ್ತೂ ನಾಲ್ಕು ಸಲ ಬಂತು. ಖಾವರ್‌ಳ ಮಗನಿಗೆ ಗಡಿಯ ಕಡೆ ವರ್ಗವಾಗಿದೆಯಂತೆ, ಅವಳು ಫೋನ್ ಹಿಡಿದು ಅತ್ತಳು. ಪಕ್ಕದಲ್ಲಿ ನಿಂತು ಸಮಾಧಾನ ಮಾಡಿ ಬಂದು ಓದಿದೆ. ಏನೂ ತೊಂದರೆಯಾಗಲಿಲ್ಲ. ಅಲ್ಲಿಗೆ, ತಡೆಯುತ್ತಿದ್ದದ್ದು ಫೋನಲ್ಲ ಎಂಬುದು ಸಾಬೀತಾಯಿತು.

ಓದುವಾಗ ಎರಡು ಸಲ ನಡುವೆ ನಿಲ್ಲಿಸಿ ಗೋಡೆಯ ಕಡೆ ನೋಡಿದೆನಂತೆ. ಗೌಹರ್ ಹೇಳುತ್ತಾಳೆ. ಅವಳಿಗೆ ಮಾತಿಗೊಂದು ನೆಪ ಬೇಕು.

ಆಬಾನ್ ೮, ಸೋಮವಾರ

ಹನ್ನೆರಡು ಸಾಲು. ತಲೆನೋವು. ಫೋನ್ ಇಟ್ಟು ಬಂದು ಕುಳಿತಾಗೆಲ್ಲ ಮೊದಲ ಐದು ನಿಮಿಷ ಕಿವಿ ತಾನಾಗಿ ಗೋಡೆಗೆ ಹೋಗುತ್ತದೆ. ಅಭ್ಯಾಸ ಬಿಡಲು ದಿನ ಬೇಕು.

ಮಧ್ಯಾಹ್ನ ಮೊಲೂಕ್ ಫೋನ್ ಮಾಡಿದಳು. ಅಲ್ಲಿ ಅವರು ಒಂದು ಸಲವೂ ಬಡಿದಿಲ್ಲವಂತೆ. "ಕೈಕೂಸಿನ ಹಂಗಿದಾನೆ. ಕೊಟ್ರೆ ತಿಂತಾನೆ, ಇಲ್ದಿದ್ರೆ ಗೋಡೆ ಕಡೆ ತಿರುಗ್ತಾನೆ."

ನನ್ನ ಬಳಿ ಮಾತ್ರ ರಾಕ್ಷಸ. ಸಂತೋಷ.

ಆಬಾನ್ ೧೫, ಸೋಮವಾರ

ಹಾಜಿ ಬಂದಿದ್ದರು. ನಾನೇ ಮುಂದೆ ನಿಂತು ತೋರಿಸಿದೆ. ಮಗ್ಗದ ಕೆಳಗಿನ ದಿಮ್ಮಿಗೆ ಸುತ್ತಿದ್ದನ್ನು ಬಿಡಿಸಿ, ಹೋದ ಸಲ ನೋಡಿದ ಕಡೆಯಿಂದ ಮೇಲಕ್ಕೆ ಬೆರಳು ಆಡಿಸುತ್ತ ಬಂದರು. ಒಂದು ಗೇಣಿನಷ್ಟು ದೂರ ಬೆರಳು ಎಲ್ಲೂ ನಿಲ್ಲಲಿಲ್ಲ. "ಭಲೆ," ಎಂದರು, ತಮಗೇ ಹೇಳಿಕೊಂಡ ಹಾಗೆ.

ಆಮೇಲೆ ನಿಂತಿತು. ಮತ್ತೆ ನಿಂತಿತು. ಕೊನೆಯ ಗೇಣಿನಲ್ಲಿ ಏಳು ಕಡೆ ಬಳ್ಳಿ ಮುರಿದಿದೆ. ಏಳೂ ಜೋಡಿ. ಚಿತ್ತಾರದ ಹಕ್ಕಿಗೆ ಎರಡೂ ಬದಿಯಲ್ಲಿ ಕತ್ತೇ ಇಲ್ಲ.

ಬತೂಲ್ ಖಾಲಾ ಮುಸುಕನ್ನು ಹಣೆಗೆಳೆದುಕೊಂಡರು. ಹಾಜಿ ಎದ್ದು ಮೊಣಕಾಲು ಉಜ್ಜಿಕೊಳ್ಳುತ್ತ ಕೇಳಿದರು.

"ಕೆಳಗಿನದು ನೀವ್ ಓದಿದ್ದು. ಮೇಲಿನದೂ ನೀವ್ ಓದಿದ್ದು. ನಡುವಿನ ಒಂದು ಗೇಣು ಯಾರ್ ಓದಿದ್ದು?"

"ನಾನೇ."

"ಹಾಗನ್ಬೇಡಿ ಖಾನಂ. ನಲವತ್ತು ವರ್ಷದಿಂದ ಕಾರ್ಪೆಟ್ ನೋಡ್ತಿದೀನಿ. ಇದು ಒಂದೇ ಬಾಯಿಯ ಕೆಲಸ ಅಲ್ಲ."

"ದೇವರಾಣೆ, ಮೂರೂ ನಾನೇ."

"ಸರಿ ಬಿಡಿ. ಈ ಏಳನ್ನ ಸೂಜಿ ಹಾಕಿಸಿ ಸರಿ ಮಾಡಿಸ್ತೀನಿ. ಮುಂದಿನ ತಿಂಗ್ಳು, ಆಜರ್ ಕೊನೇಲಿ ಬರ್ತೀನಿ. ನಡುವಿನ ಗೇಣು ಓದ್ದೋರು ಯಾರೇ ಇರ್ಲಿ, ಅವರನ್ನೇ ಕೂರ್ಸಿ. ಆಗ್ಲೂ ಹೀಗೇ ಇದ್ರೆ ಮಗ್ಗ ಎತ್ತಿಸ್ತೀನಿ."

ಸುಳ್ಳಿ ಎನ್ನಿಸಿಕೊಂಡು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಬಡಿತದ ನಡುವೆ, ದಿನಕ್ಕೆ ಒಂಬತ್ತು ಸಾಲು ಓದಿದಾಗ ಒಂದು ತಪ್ಪಿಲ್ಲ. ಮಸೀದಿಯ ಹಾಗಿರುವ ಮನೆಯಲ್ಲಿ ಏಳು. ಇದಕ್ಕೆ ಅರ್ಥವೇ ಇಲ್ಲ.

ಆಬಾನ್ ೧೬, ಮಂಗಳವಾರ

ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ಈ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಬಡಿತ ಇದ್ದಾಗಿನ ಹದಿನೇಳು ಕೆಲಸದ ದಿನಗಳಲ್ಲಿ ಅವರು ಬಡಿದದ್ದು ಐವತ್ತೆಂಟು ಸಲ. ಗಂಟೆ ಸಮೇತ ನಾನೇ ಬರೆದಿದ್ದೇನೆ. ಐವತ್ತೆಂಟರಲ್ಲಿ ಐವತ್ತೊಂದು ಸಲ, ಬಡಿತಕ್ಕೆ ಮುಂಚೆ ಹತ್ತು ನಿಮಿಷದೊಳಗೆ ಇನ್ನೇನೋ ಇದೆ. ಫೋನು, ಗ್ಯಾಸಿನವನು, ಉಪ್ಪು, ಕೆಮ್ಮು, ಪಾಲಕ್. ಅವನ್ನೆಲ್ಲ ಬರೆದವಳೂ ನಾನೇ, ಲೆಕ್ಕಕ್ಕೆ ಹಿಡಿಯದವಳೂ ನಾನೇ.

ಬಡಿತ ಬಂದಾಗ ಏನು ಮಾಡುತ್ತಿದ್ದೆ? ಜಾಗ ಮರೆತು, ಸಾಲನ್ನು ಅಂಚಿನಿಂದ ಮತ್ತೆ ಓದುತ್ತಿದ್ದೆ. ಆಗ ತಪ್ಪು ಸಿಗುತ್ತಿತ್ತು. ಅವರು ಬಡಿದದ್ದರಿಂದ ತಪ್ಪಾಯಿತು ಎಂದು ಬರೆಯುತ್ತಿದ್ದೆ. ಆದರೆ ನಾನು ಎದ್ದು ಹೋದ ಮೇಲೆ ಯಾರೂ ಗಂಟು ಹಾಕುತ್ತಿರಲಿಲ್ಲವಲ್ಲ. ತಪ್ಪು ಗಂಟು ಬೀಳುವುದಿದ್ದರೆ ಬಡಿತಕ್ಕೆ ಮೊದಲೇ ಬಿದ್ದಿರಬೇಕು, ನನ್ನ ತಪ್ಪು ಓದು ಕೇಳಿಯೇ ಅವರು ಬಡಿದಿರಬೇಕು.

ಬತೂಲ್ ಖಾಲಾಗೆ ಹೇಳಿದೆ. ಅವರು ಹಣಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ಇದನ್ನ ತಿಳ್ಕೊಳ್ಳೋಕೆ ಪುಸ್ತಕ ಬರೀಬೇಕಾಯ್ತಾ ನಿಂಗೆ?"

"ನಿಮ್ಗೆ ಗೊತ್ತಿತ್ತಾ?"

"ಎಲ್ಲಿಂದ ಗೊತ್ತಿರತ್ತೆ. ಈಗ ನೀನ್ ಹೇಳಿದ್ ಮೇಲೆ ಗೊತ್ತಾಯ್ತು. ಆದ್ರೂ ಬೈಬೇಕು ಅನ್ನಿಸ್ತು."

ನನಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. ಮಿಕ್ಕ ಏಳು ಬಡಿತಗಳಿಗೆ ಏನೂ ಕಾರಣ ಸಿಗುತ್ತಿಲ್ಲ. ನೋಡಿಯೇ ಬರಬೇಕು.

ಆಬಾನ್ ೧೯, ಶುಕ್ರವಾರ, ಕೂಹ್‌ಬನಾನ್

ಬೆಳಗಿನ ಮಿನಿಬಸ್ಸಿನಲ್ಲಿ ಬಂದೆ. ಮೊಲೂಕ್ ಚಹಾ ಕೊಟ್ಟು, ತಮ್ಮ ಹೇಗಿದ್ದಾನೆಂದು ಒಂದು ತಾಸು ಹೇಳಿದಳು. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಗಡ್ಡ ಬೆಳೆದಿದೆ. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ತಿರುಗುತ್ತಿರಲಿಲ್ಲ.

ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅದರ ಬದಲು, ಮಂಚದ ಪಕ್ಕ ಕುಳಿತು, ಮಗ್ಗದ ಮುಂದೆ ಓದುವ ದನಿಯಲ್ಲೇ ಹಕ್ಕಿಯ ಕತ್ತಿನ ಸಾಲು ಶುರುಮಾಡಿದೆ.

"ಅಂಚಿನಿಂದ ನಾಲ್ಕು ನೀಲಿ. ಒಂದು ಕಪ್ಪು. ಎರಡು ಕೆನೆ, ಒಂದು ಕಪ್ಪು. ಆರು ನೀಲಿ ದಾಟಿ, ಒಂದು ಹಸಿರು."

ಭುಜ ಸ್ವಲ್ಪ ಅಲುಗಿತು. ಮುಂದೆ ಓದಿದೆ. ಮೂರು ಕೆಂಪು ಬರಬೇಕಾದ ಕಡೆ ಬೇಕೆಂದೇ ಹೇಳಿದೆ: "ಐದು ಕೆಂಪು."

ಎಡಗೈ ಎದ್ದು ಮಂಚದ ಕಟ್ಟಿಗೆಗೆ ದಡ್ ಎಂದು ಬಡಿಯಿತು. ಮೊಲೂಕ್ ಅಡುಗೆಮನೆಯಿಂದ ಓಡಿ ಬಂದಳು. ಅವರು ತಿರುಗಿದರು, ಮುಖ ಕೋಪದಿಂದ ಉಬ್ಬಿತ್ತು. ಮೂರು ಬೆರಳು ನನ್ನ ಮೂಗಿನ ಮುಂದೆ ಹಿಡಿದರು. ಇನ್ನೂ ಅರ್ಥವಾಗಲಿಲ್ಲವೇನೋ ಎಂದು ನನ್ನ ಮುಸುಕಿನ ಮೇಲಿನ ಕೆಂಪು ಹೂವನ್ನು ಚುಚ್ಚಿ ತೋರಿಸಿದರು.

"ಮೂರು ಕೆಂಪು," ಎಂದೆ.

ಕೈ ಕೆಳಗೆ ಬಿತ್ತು. ರಜಾಯಿ ತೆಗೆದು ಹೊದಿಸಿ ತೆಗೆದು ಹೊದಿಸಿದ ಆ ಬೆಳಿಗ್ಗೆ ನೆನಪಾಯಿತು.

"ಏನ್ ಬೇಕಂತೆ ಅವನಿಗೆ?" ಎಂದಳು ಮೊಲೂಕ್.

"ಪಿಕಪ್ ಬೇಕಂತೆ," ಎಂದೆ.

ಆಬಾನ್ ೨೧, ಭಾನುವಾರ

ಮಂಚ ಈಗ ಮಗ್ಗದ ಕೋಣೆಯಲ್ಲೇ ಇದೆ, ನನ್ನ ಪೀಠದ ಹಿಂದೆ. ನೂಲಿನ ಕಟ್ಟುಗಳನ್ನೆಲ್ಲ ಒಳಕೋಣೆಗೆ ಸಾಗಿಸಿದ್ದಾಯಿತು. ಈಗ ಬಣ್ಣ ಬೇಕಾದಾಗಲೆಲ್ಲ ಗೌಹರ್ ಒಳಗೆ ಓಡಬೇಕು, ಅವಳ ಮುಖ ಊದಿಕೊಂಡಿದೆ.

ಒಂಬತ್ತು ಸಾಲು. ನೇಮತ್ ನಾಲ್ಕು ಸಲ ಬಡಿದರು. ನಾಲ್ಕೂ ಸಲ ತಪ್ಪು ನನ್ನದು.

ಆಬಾನ್ ೨೫, ಗುರುವಾರ

ಐದು ದಿನದಲ್ಲಿ ಹತ್ತೊಂಬತ್ತು ಸಲ. ಬೆರಳಿನ ಲೆಕ್ಕ ಈಗ ಬತೂಲ್ ಖಾಲಾಗೂ ಅರ್ಥವಾಗುತ್ತದೆ. ನಾನು ತಿರುಗುವ ಮೊದಲೇ ಗಂಟು ಬಿಚ್ಚಲು ಶುರುಮಾಡುತ್ತಾರೆ. ಓದುವವಳು ನಾನೋ ಅವರೋ ಎಂದು ಕೇಳಿದೆ. "ಓದೋಳು ನೀನೇ ಕಣೇ, ಓದಿಸೋನು ಅವ್ನು," ಎಂದರು. ಗೌಹರ್ ನಕ್ಕು ನಕ್ಕು ಎಳೆ ಕಡಿದುಕೊಂಡಳು.

ಫೋನ್ ಬಂದಾಗ ಇವತ್ತಿನಿಂದ ಬೇರೆ ಕ್ರಮ. ಏಳುವ ಮೊದಲು ಎಲ್ಲಿ ನಿಲ್ಲಿಸಿದೆನೋ ಆ ಗಂಟನ್ನು ಜೋರಾಗಿ ಹೇಳಿ ಹೋಗುತ್ತೇನೆ. ವಾಪಸ್ ಬಂದಾಗ ಅವರ ಬೆರಳು ಆ ಲೆಕ್ಕದಲ್ಲೇ ನಿಂತಿರುತ್ತದೆ. ಖಾವರ್ ಅಳುತ್ತ ಅರ್ಧ ಗಂಟೆ ಮಾತಾಡಿದರೂ ಅವರು ಬೆರಳು ಮಡಚುವುದಿಲ್ಲ.

ಆಜರ್ ೨, ಗುರುವಾರ

ಬೆಳಿಗ್ಗೆ ಎಂಟಕ್ಕೆ ಬಡಿದರು. ಸಾಲನ್ನು ಅಂಚಿನಿಂದ ತಾಳೆ ನೋಡಿದೆವು. ಸರಿಯಿತ್ತು. ಕೆಳಗಿನ ಸಾಲು ನೋಡಿದೆವು, ಅದೂ ಸರಿ. ಮತ್ತೆ ಬಡಿದರು. ಮೂರು ಸಾಲು ಕೆಳಗೆ ಹೋದೆವು. ಎಲ್ಲಾ ಸರಿ. ಬೆರಳು ಯಾವ ಲೆಕ್ಕವನ್ನೂ ತೋರಿಸುತ್ತಿರಲಿಲ್ಲ, ನಮ್ಮ ಬೆನ್ನುಗಳನ್ನು ಪಕ್ಕಕ್ಕೆ ತಳ್ಳುವ ಹಾಗೆ ಗಾಳಿಯಲ್ಲಿ ಆಡುತ್ತಿತ್ತು. ಮುಕ್ಕಾಲು ಗಂಟೆ ಹೋಯಿತು. ನನಗೆ ಮತ್ತೆ ಹಳೆಯ ಸಿಟ್ಟು ನೆತ್ತಿಗೇರಿತು.

"ಈ ಕಾರ್ಪೆಟನ್ನ ಅವನು ಇನ್ನೂ ನೋಡೇ ಇಲ್ವಲ್ಲೇ," ಎಂದರು ಬತೂಲ್ ಖಾಲಾ.

ನಿಜ. ಆಸ್ಪತ್ರೆಯಲ್ಲಿದ್ದಾಗ ಶುರುವಾದದ್ದು. ಗೋಡೆಯಾಚೆಯಿಂದ ಕೇಳಿದ್ದಾರೆ, ನಮ್ಮ ಬೆನ್ನ ಹಿಂದಿನಿಂದ ಕೇಳಿದ್ದಾರೆ. ಇಬ್ಬರು ನೇಕಾರರು ಕುಳಿತರೆ ಮಂಚದಿಂದ ಕಾಣುವುದು ಎರಡು ಬೆನ್ನು ಮಾತ್ರ, ಅವರು ಎದ್ದ ಮೇಲೆ ಮಗ್ಗಕ್ಕೆ ಬಟ್ಟೆ ಹೊದಿಸಿರುತ್ತೇವೆ.

ಮೂವರೂ ಸೇರಿ ಅವರನ್ನು ಎಬ್ಬಿಸಿ ಮಗ್ಗದ ಮುಂದೆ, ಬತೂಲ್ ಖಾಲಾ ಕೂರುವ ಹಲಗೆಯ ಮೇಲೆ ಒರಗಿಸಿ ಕೂರಿಸಿದೆವು. ನಾನು ಹಿಂದಿನಿಂದ ಹಿಡಿದುಕೊಂಡೆ. ತುಂಬಾ ಹೊತ್ತು ನೋಡಿದರು. ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಸವರಿದರು. ನನಗೂ ಏನೋ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವರ ಬೆರಳು ಮೇಲಿನ ನೀಲಿಯ ಮೇಲೆ ಹೋಗಿ ನಿಂತಿತು. ಕೆಳಗಿನ ನೀಲಿಗೆ ಬಂತು. ಮತ್ತೆ ಮೇಲಕ್ಕೆ.

ಶನಿವಾರ ಬಿಚ್ಚಿದ ಹೊಸ ನೂಲಿನ ಕಟ್ಟು. ಬೇರೆ ಸಲ ಬಣ್ಣ ಹಾಕಿದ್ದು, ಒಂದು ಕೂದಲಿನಷ್ಟು ಮಂಕು. ಓದಿನಲ್ಲಿ ಎರಡೂ ನೀಲಿಯೇ, ಕೇಳಿ ಕಂಡುಹಿಡಿಯುವಂಥದ್ದಲ್ಲ. ನಾವು ಮೂವರು ಐದು ದಿನದಿಂದ ಅದರ ಮುಂದೆಯೇ ಕುಳಿತಿದ್ದೇವೆ.

"ಯಾರಿಗೂ ಕಾಣ್ಸಲ್ಲ," ಎಂದೆ. "ಹಾಜಿಗೂ ಕಾಣ್ಸಲ್ಲ. ನಾಲ್ಕು ಬೆರಳಿನಷ್ಟು ನೇಯ್ದಾಗಿದೆ. ಬಿಚ್ಚಿ ಮತ್ತೆ ನೇಯೋಕೆ ಎಂಟು ದಿನ."

ಬೆರಳು ಅಲ್ಲಾಡಲಿಲ್ಲ. ಗೌಹರ್ ಪರದೆ ಸರಿಸಿದಳು. ಬೆಳಕು ಬಿತ್ತು. ಬತೂಲ್ ಖಾಲಾ ತಲೆ ಓರೆ ಮಾಡಿ ನೋಡಿ, ಚಾಕು ಹುಡುಕಲು ಎದ್ದರು. ಎಲ್ಲರೂ ನೇಮತ್ ಕಡೆಯೇ.

ಹಾಜಿಗೆ ನಾನೇ ಫೋನ್ ಮಾಡಿದೆ. ನೀಲಿ ಕಟ್ಟು ಬೇರೆ ಬಣ್ಣದ್ದು ಬಂದಿದೆ, ಬಿಚ್ಚುತ್ತಿದ್ದೇವೆ, ಹಳೆಯದೇ ಕಳಿಸಿ ಎಂದೆ.

"ನಾನೇ ನೋಡಿ ಕಳ್ಸಿದ್ದು. ನಂಗೇ ಕಾಣ್ಲಿಲ್ಲ. ಯಾರ್ ಹೇಳಿದ್ದು ನಿಮ್ಗೆ?"

"ನಡುವಿನ ಗೇಣು ಓದಿದವರು."

"ನೇಮತ್‌ಗೆ ಮಾತು ಬಂತಾ?"

"ಇಲ್ಲ ಹಾಜಿ. ಬಡೀತಾರೆ."

"ನೂಲು ಶನಿವಾರ ಬರತ್ತೆ," ಎಂದರು. ಆಮೇಲೆ, "ಮಗ್ಗ ಅಲ್ಲೇ ಇರ್ಲಿ. ನಿಧಾನಕ್ಕೆ ಮುಗ್ಸಿ."

ಮಧ್ಯಾಹ್ನದಿಂದ ಬಿಚ್ಚುತ್ತಿದ್ದೇವೆ. ಐದು ದಿನದ ಕೆಲಸ ಮಡಿಲಲ್ಲಿ ಕಸವಾಗಿ ಬೀಳುವುದನ್ನು ನೋಡುತ್ತ ಕೂರುವುದು ಸುಲಭವಲ್ಲ, ನಾನೂ ಸುಮ್ಮನಿರಲಿಲ್ಲ, ಆಡುವಷ್ಟು ಆಡಿದೆ. ನೇಮತ್ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಸಂಜೆ ಎಲ್ಲ ಹೊರಟ ಮೇಲೆ ಕೈ ಎತ್ತಿ ಅಂಗೈಯನ್ನು ಒಂದು ಸುತ್ತು ತಿರುಗಿಸಿದರು. ಮಂಚವನ್ನು ಕಿಟಕಿಯ ಪಕ್ಕಕ್ಕೆ, ಮಗ್ಗ ಓರೆಯಾಗಿ ಕಾಣುವ ಹಾಗೆ ತಿರುಗಿಸಿದೆ. ಇದೊಂದು ಮಾತ್ರ ಮೊದಲ ಸಲಕ್ಕೇ ಅರ್ಥವಾಯಿತು.